ಅರವತ್ತು ವರ್ಷ ಸುಮ್ಮನಿದ್ದ ಕೈ

ನಾನು ಬಿದ್ದಿದ್ದು ನನ್ನದೇ ಸಿಪ್ಪೆ ಮೇಲೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ನೋಡೋಕೆ ಬಂದವರೆಲ್ಲ ಸೊಸೆ ನೀರು ಚೆಲ್ಲಿದ್ಲಾ, ತಲೆ ಸುತ್ತು ಬಂತಾ, ಬಿಪಿ ಮಾತ್ರೆ ಬಿಟ್ಟಿದ್ರಾ ಅಂತ ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿದರು. ಯಾವುದೂ ಅಲ್ಲ. ಹಿತಕಬೇಳೆ ಸಾರಿಗೆ ಅಂತ ರಾತ್ರಿ ನೆನೆಸಿಟ್ಟ ಅವರೆಕಾಳನ್ನ ಬೆಳಗ್ಗೆ ಹಿತ್ತಲ ಜಗಲಿ ಮೇಲೆ ಕೂತು ಹಿತುಕ್ತಿದ್ದೆ. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪಾತ್ರೆಗೆ ಹಾರಬೇಕು, ಸಿಪ್ಪೆ ಮೊರಕ್ಕೆ ಬೀಳಬೇಕು. ಮೊರ ತರೋಕೆ ಯಾರು ಏಳ್ತಾರೆ ಅಂತ ಸಿಪ್ಪೆಯನ್ನೆಲ್ಲ ಪಕ್ಕಕ್ಕೇ ಎಸೆದೆ. ಆಮೇಲೆ ಎದ್ದೆ, ಅದರ ಮೇಲೇ ಕಾಲಿಟ್ಟೆ, ಹೋದೆ. ಬಲಗೈ ಊರಿ ಬಿದ್ದಿದ್ದರಿಂದ ಮಣಿಕಟ್ಟು ಮುರೀತು. ಬೇಳೆ ಒಂದೂ ಚೆಲ್ಲಲಿಲ್ಲ. ಅವತ್ತಿನ ಸಾರು ಚೆನ್ನಾಗಿತ್ತಂತೆ. ನಾನು ಆಸ್ಪತ್ರೆಯಲ್ಲಿದ್ದೆ, ಉಣ್ಣಲಿಲ್ಲ.

ಆರು ವಾರ ಅಲ್ಲಾಡಿಸಬಾರದು ಅಂತ ಡಾಕ್ಟರು ಬೆರಳಿನ ಬುಡದಿಂದ ಮೊಣಕೈವರೆಗೂ ಪ್ಲಾಸ್ಟರ್ ಹಾಕಿ ಕಳಿಸಿದರು. ಆರು ವಾರ ಬಲಗೈ ಇಲ್ಲದೆ ಹೆಂಗಸು ಹೇಗೆ ಇರ್ತಾಳೆ ಅನ್ನೋದನ್ನ ಆ ಡಾಕ್ಟರನ್ನ ಕೇಳಿ ಪ್ರಯೋಜನ ಇಲ್ಲ. ಅವರಿಗೆ ಮನೆಯಲ್ಲಿ ಯಾರೋ ಮುದ್ದೆ ತಿರುವಿ ಹಾಕ್ತಾರೆ.

ನಮ್ಮದು ಬಾಶೆಟ್ಟಿಹಳ್ಳಿ ಪಕ್ಕದ ಹಳ್ಳಿ. ಮಗ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಪಾಳಿ ಮೇಲೆ ಕೆಲಸ ಮಾಡ್ತಾನೆ. ಸೊಸೆ ಶೋಭಾ ಗಾರ್ಮೆಂಟ್ಸಿಗೆ ಹೋಗ್ತಾಳೆ, ಏಳೂವರೆಗೆಲ್ಲ ಅವಳ ಬಸ್ಸು. ಆಮೇಲೆ ಮನೆಯಲ್ಲಿ ನಾನು, ಅಂಗನವಾಡಿಯಿಂದ ವಾಪಸ್ಸು ಬಂದರೆ ಮೊಮ್ಮಗಳು ಪುಟ್ಟಿ. ಅವಳಿಗೆ ನಾಲ್ಕು ವರ್ಷ. ಹೆಸರು ದೊಡ್ಡದಾಗಿ ಏನೋ ಇಟ್ಟಿದ್ದಾರೆ, ನನ್ನ ಬಾಯಲ್ಲಿ ಪುಟ್ಟಿ.

ಈ ಪುಟ್ಟಿ ಎಡಚಿ. ಬಿಸ್ಕತ್ತು ಕೊಟ್ಟರೆ ಎಡಗೈ ಚಾಚ್ತಾಳೆ, ಸೀಮೆಸುಣ್ಣ ಕೊಟ್ಟರೆ ಎಡಗೈ, ತಟ್ಟೆ ಮುಂದೆ ಕೂರಿಸಿದರೆ ಎಡಗೈ. ಸಂಕ್ರಾಂತಿ ಕಳೆದ ಮೇಲೆ ಅಕ್ಷರಾಭ್ಯಾಸ ಮಾಡಿಸೋಣ ಅಂತ ಮಾತಾಗಿತ್ತು. ನಮ್ಮಲ್ಲಿ ಪುರೋಹಿತರು ಗಿರೋಹಿತರು ಇಲ್ಲ, ಮನೆ ದೊಡ್ಡೋರೇ ಮಗೂನ ತೊಡೆ ಮೇಲೆ ಕೂರಿಸಿಕೊಂಡು ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸ್ತಾರೆ. ಆ ಹೊತ್ತಿಗೆ ಇವಳ ಕೈ ತಿದ್ದಿಬಿಡಬೇಕು ಅಂತ ನಾನು ಹಟ ಹಿಡಿದಿದ್ದೆ. ಹಟ ಅಂದ್ರೆ ಬರೀ ಬಾಯಿ ಮಾತಲ್ಲ. ದೀಪಾವಳಿಯಿಂದಲೇ ಶುರು ಮಾಡಿ, ಉಣ್ಣೋಕೆ ಕೂತಾಗ, ಬರೆಯೋಕೆ ಕೂತಾಗ, ಹಳೇ ಸೀರೆ ಅಂಚು ಹರಿದು ಅವಳ ಎಡಗೈಗೆ ಸುತ್ತಿ ಕಟ್ಟಿಬಿಡ್ತಿದ್ದೆ. ಬಿಗಿಯಾಗೇನೂ ಅಲ್ಲ. ಆದ್ರೂ ಕಟ್ಟೋದು ಕಟ್ಟೋದೇ.

ಶೋಭಾ ಒಂದು ಸಲ ಬಾಯಿಬಿಟ್ಟಳು. "ಅತ್ತೆ, ಅಂಗನವಾಡಿ ಮಿಸ್ಸು ಬಿಟ್ಬಿಡಿ ಅಂದ್ರು. ಹಂಗೆಲ್ಲ ಕಟ್ಬಾರ್ದಂತೆ."

"ಮಿಸ್ಸು ಇವಳಿಗೆ ಗಂಡು ಹುಡುಕ್ತಾರಾ?" ಅಂದೆ. ಶೋಭಾ ಟಿಫನ್ ಡಬ್ಬಿ ತಗೊಂಡು ಬಸ್ಸಿಗೆ ಹೋದಳು. ಗೆದ್ದೆ ಅಂತ ನಾನು ಕಾಫಿ ಕುಡಿದೆ.

ಹೀಗೆ ನಾನು ಜೋರಾಗಿ ಮಾತಾಡೋಕೆ ಒಂದು ಕಾರಣ ಇತ್ತು, ಅದನ್ನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸತ್ತ ನನ್ನ ಯಜಮಾನರಿಗೂ ಗೊತ್ತಿರಲಿಲ್ಲ. ನಾನೂ ಎಡಚಿಯೇ.

ಎಡಚಿಯಾಗಿದ್ದೆ ಅನ್ನಬೇಕು. ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದಲ್ಲಿ, ಮಗ್ಗದ ಮನೆಯಲ್ಲಿ. ಆಗ ಕೈಮಗ್ಗ. ಅಪ್ಪ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ನೇಯೋನು, ಹೆಣ್ಣುಮಕ್ಕಳು ರಾಟೆ ತಿರುಗಿಸಿ ಮಗ್ಗದಲ್ಲಿ ಆ ಕಡೆ ಈ ಕಡೆ ಓಡೋ ಲಾಳಿಗೆ ಬೇಕಾದ ಕಂಡಿಕೆ ಸುತ್ತಬೇಕು. ಬೆರಳುದ್ದದ ಕಡ್ಡಿಗೆ ನೂಲು ಸುತ್ತಿದರೆ ಕಂಡಿಕೆ, ಅಷ್ಟೇ. ಅಪ್ಪನ ತಾಯಿ ತಿಮ್ಮಜ್ಜಿ ನಮ್ಮ ಮೇಲ್ವಿಚಾರಕಿ. ನನಗೆ ಐದು ವರ್ಷ ಆಗುವಾಗ ಅವಳ ಕಣ್ಣು ನನ್ನ ಎಡಗೈ ಮೇಲೆ ಬಿತ್ತು. ಮೊದಲು ಬೇವಿನೆಣ್ಣೆ ಸವರಿದಳು. ಕೈ ಬಾಯಿಗೆ ಹೋದರೆ ಕಹಿ ಆಗಲಿ ಅಂತ. ನಾನು ಕಹಿ ನೆಕ್ಕಿಕೊಂಡೇ ಉಂಡೆ. ಆಮೇಲೆ ಬಟ್ಟೆ ಸುತ್ತಿ ಸೊಂಟಕ್ಕೆ ಕಟ್ಟಿದಳು.

"ಗಂಡನ ಮನೇಲಿ ಎಡಗೈಲಿ ಬಡಿಸಿದ್ರೆ ಎಲೆ ಬಿಟ್ಟು ಎದ್ದೋಗ್ತಾರೆ ಕಣೇ. ಆಗ ನನ್ನ ಹೆಸರು ಹೇಳಿ ಬಯ್ತಾರೆ, ನಿನ್ನ ಹೆಸರಲ್ಲ," ಅನ್ನೋಳು. ತಿಮ್ಮಜ್ಜಿ ಕೆಟ್ಟವಳಲ್ಲ. ಅವಳಿಗೆ ಅವಳ ಹೆಸರಿನ ಚಿಂತೆ.

ಘಾಟಿ ಸುಬ್ರಹ್ಮಣ್ಯನಿಗೂ ಹರಕೆ ಹೊತ್ತಿದ್ದಳು, ಹುಡುಗಿ ಕೈ ಸರಿಹೋದರೆ ಬೆಳ್ಳಿ ಕೈ ಒಪ್ಪಿಸ್ತೀನಿ ಅಂತ. ಸರಿಹೋಯ್ತು, ಒಪ್ಪಿಸಿದಳು. ಹುಂಡಿಗೆ ಹಾಕಿ ಗುಡಿ ಮೆಟ್ಟಿಲಿಳಿಯುವಾಗ ಅವಳಿಗೆ ಅನುಮಾನ ಬಂತು. ಹಾಕಿದ್ದು ಎಡಗೈಯೋ ಬಲಗೈಯೋ? ಅದು ಬೆಳ್ಳಿ ತಗಡಿನ ಕೈ, ಹೀಗೆ ಹಿಡಿದರೆ ಎಡಗೈ, ತಿರುಗಿಸಿದರೆ ಬಲಗೈ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ತನ್ನ ಅಂಗೈಯನ್ನೇ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ತಾ ಕೂತಿದ್ದಳು. ನಾನು ನಕ್ಕೆ, ಒಂದು ಏಟು ಬಿತ್ತು. ಬಲಗೈಯಲ್ಲೇ ಕೊಟ್ಟಳು.

ಶಾಲೆಯಲ್ಲೂ ಅದೇ ಕಥೆ. ಬಳಪ ಎಡಗೈಗೆ ಬಂದರೆ ಮೇಷ್ಟ್ರು ಕಿತ್ತು ಬಲಗೈಗೆ ತುರುಕೋರು. ಬಲಗೈಯಲ್ಲಿ ಅ ಬರೆಯೋಷ್ಟರಲ್ಲಿ ಮಿಕ್ಕವರು ಔ ಮುಟ್ಟಿರ್ತಿದ್ದರು. ದಡ್ಡಿ ಅಂತ ಹೆಸರು ಬಂತು. ಮೂರನೇ ಕ್ಲಾಸಿಗೆ ಬಿಡಿಸಿದರು. ದಡ್ಡತನ ಎಲ್ಲಾ ಬಲಗೈದು ಅಂತ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತೆ, ಆದರೆ ಸುಳ್ಳಾಗುತ್ತೆ. ಮಗ್ಗಿಯೂ ನನಗೆ ಬರ್ತಿರಲಿಲ್ಲ. ಮಗ್ಗಿ ಹೇಳೋಕೆ ಕೈ ಯಾಕೆ ಬೇಕು?

ಪಕ್ಕದ ಮನೆ ನೂರ್ಜಾನು ನನ್ನ ಜೊತೆಯವಳು. ಅವರಪ್ಪನಿಗೆ ಪೇಟೆಯಲ್ಲಿ ಬಳೆ ಅಂಗಡಿ. ಅವರ ಮನೆಗೆ ಹೋದರೆ ಎಡಗೈಯಲ್ಲಿ ತಿನ್ನಬಹುದೇನೋ ಅಂತ ಆಸೆ ಇಟ್ಟುಕೊಂಡು ಒಂದು ರಂಜಾನಿಗೆ ಹೋದೆ. ತಟ್ಟೆಗೆ ಕೈ ಹಾಕಿದ್ದೇ ತಡ, ಅವರಮ್ಮ "ಸೀದೆ ಹಾತ್ ಸೇ, ಸೀದೆ ಹಾತ್ ಸೇ" ಅಂತ, ಬಲಗೈಲಿ ತಿನ್ನು ಅಂತ, ಓಡಿ ಬಂದರು. ಮಿಕ್ಕ ವಿಷಯದಲ್ಲಿ ಎರಡು ಮನೆಯೋರ ಮಡಿ ಬೇರೆ ಬೇರೆ. ಎಡಗೈ ಅಂದ್ರೆ ಮಾತ್ರ ಎರಡು ಮನೆಯೋರೂ ಒಂದೇ.

ಅಂತೂ ನಾನು ಬಲಗೈಯವಳಾದೆ. ಅರವತ್ತು ವರ್ಷ ಬಲಗೈಯಲ್ಲೇ ಉಂಡೆ, ಬಡಿಸಿದೆ, ರಂಗೋಲಿ ಇಟ್ಟೆ, ಮಕ್ಕಳಿಗೆ ಹೊಡೆದೆ. ಎಡಗೈಗೆ ಬಿಟ್ಟಿದ್ದು ಕಕ್ಕಸಿನ ಕೆಲಸ, ಜಿರಲೆ ಹೊಡೆಯೋ ಕೆಲಸ, ನಾಯಿಗೆ ಕಲ್ಲು ಬೀಸೋ ಕೆಲಸ. ಕಲ್ಲು ಮಾತ್ರ ಗುರಿ ತಪ್ಪುತ್ತಿರಲಿಲ್ಲ. ಯಾಕೆ ಅಂತ ನಾನೂ ಕೇಳಿಕೊಳ್ಳಲಿಲ್ಲ.

ಈಗ ಪ್ಲಾಸ್ಟರ್ ಬಿತ್ತಲ್ಲ. ಮೊದಲ ಎರಡು ದಿನ ಶೋಭಾ ರಜ ಹಾಕಿ ತುತ್ತು ಮಾಡಿ ಬಾಯಿಗಿಟ್ಟಳು. ಪಾಪ, ಅವಳ ತುತ್ತು ಚಿಕ್ಕದು. ನನಗೆ ಹೊಟ್ಟೆ ತುಂಬೋಷ್ಟರಲ್ಲಿ ಅವಳ ಸೊಂಟ ಹಿಡಿದುಕೊಳ್ತಿತ್ತು. ಮೂರನೇ ದಿನ ಕೆಲಸಕ್ಕೆ ಹೊರಟಾಗ ಅನ್ನ ಸಾರಿನ ಪಕ್ಕ ಚಮಚ ಇಟ್ಟಳು. "ಚಮಚ ಎಡಗೈಲಿ ಹಿಡ್ಕೊಂಡ್ರೆ ತಪ್ಪೇನಿಲ್ಲ ಅತ್ತೆ," ಅಂದಳು. ಅಂದ್ರೆ ಅದು ಕೈ ಅಲ್ಲವಂತೆ, ಚಮಚವಂತೆ.

ಎರಡು ದಿನ ಹಾಗೇ ತಿಂದೆ. ಐದನೇ ದಿನ ಮುದ್ದೆ ಆಸೆ ತಡೆಯಲಾಗಲಿಲ್ಲ. ಬೆಳಗ್ಗೆ ಮಗನಿಗೆ ಅಂತ ಮಾಡಿದ್ದರಲ್ಲಿ ಒಂದು ಮಿಕ್ಕಿತ್ತು. ಮುದ್ದೇನ ಚಮಚದಲ್ಲಿ ತಿನ್ನೋಕಾಗುತ್ತಾ? ತಟ್ಟೆ ತಗೊಂಡು ಹಿತ್ತಲಿಗೆ ಹೋದೆ, ಗೋಡೆಗೆ ಮುಖ ಮಾಡಿ ಕೂತೆ. ಯಾರು ನೋಡ್ತಾರೆ ಅಂತ ಸುತ್ತ ಒಂದು ಸಲ ನೋಡಿದೆ. ಅರವತ್ತೆಂಟು ವರ್ಷದ ಮುದುಕಿ, ತನ್ನ ಮನೆ ಹಿತ್ತಲಲ್ಲಿ, ತನ್ನ ಮಗನ ದುಡಿಮೆಯ ಮುದ್ದೆ ತಿನ್ನೋಕೆ ಕಳ್ಳಿ ಹಾಗೆ ಕೂತಿದ್ದೆ. ಎಡಗೈ ತಟ್ಟೆಗಿಟ್ಟೆ.

ಎರಡು ಬೆರಳಲ್ಲಿ ಮುರಿದು, ಹೆಬ್ಬೆರಳಲ್ಲಿ ಗುಂಡಿ ಒತ್ತಿ, ಸಾರಲ್ಲಿ ಅದ್ದಿ, ಬಾಯಿಗೆ. ಯಾರೂ ಹೇಳಿಕೊಡಲಿಲ್ಲ. ಆ ಕೈಗೇ ಗೊತ್ತಿತ್ತು. ಬಲಗೈಗಿಂತ ನೀಟಾಗಿ ಮಾಡ್ತು. ನಾಲ್ಕನೇ ತುತ್ತಿಗೆ ಹಿಂದಿನಿಂದ ಕೂಗು ಬಂತು.

"ಅಜ್ಜಿ! ಆ ಕೈ ಅಲ್ಲ!"

ಪುಟ್ಟಿ. ಅಂಗನವಾಡಿ ಬೇಗ ಬಿಟ್ಟಿತ್ತಂತೆ, ಪಕ್ಕದ ಮನೆಯೋರು ಕರಕೊಂಡು ಬಂದು ಬಿಟ್ಟು ಹೋಗಿದ್ದರು. ಓಡಿ ಬಂದು ನನ್ನ ಎಡಗೈ ಮೇಲೆ ಪಟ್ ಅಂತ ಒಂದು ಏಟು ಕೊಟ್ಟಳು. ನಾನು ಕೊಡೋ ಹಾಗೇ, ಎರಡು ಬೆರಳು ಜೋಡಿಸಿ.

"ನಂಗೆ ಆ ಕೈ ನೋವಮ್ಮ," ಅಂದೆ.

"ನೆಪ ಹೇಳ್ಬೇಡ," ಅಂದಳು. ಅದೂ ನನ್ನ ಮಾತೇ. "ಇರು, ಕಟ್ಟು ತರ್ತೀನಿ."

ಒಳಗೆ ಹೋಗಿ ಸೀರೆ ಅಂಚಿನ ಪಟ್ಟಿ ತಂದಳು. ಅದು ಎಲ್ಲಿರುತ್ತೆ ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಗಂಟು ಹಾಕೋಕೆ ಬರಲ್ಲ, ಸುತ್ತಿ ಸುತ್ತಿ ತುದಿಯನ್ನ ಒಳಗೆ ಸಿಕ್ಕಿಸಿದಳು. ನಾನು ಬಿಡಿಸಿಕೊಳ್ಳಲಿಲ್ಲ. ಏನು ಮಾಡ್ತಾಳೋ ನೋಡೋಣ ಅಂತ ಕೂತೆ. ಬಲಗೈಗೆ ಪ್ಲಾಸ್ಟರು, ಎಡಗೈಗೆ ಸೀರೆ ಅಂಚು, ಎದುರಿಗೆ ಮುಕ್ಕಾಲು ಮುದ್ದೆ.

"ಈಗ ನಾನು ಹೆಂಗೆ ಉಣ್ಲಿ?" ಅಂತ ಕೇಳಿದೆ.

ಅವಳು ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಯೋಚನೆ ಮಾಡಿದಳು. ತಮಾಷೆಗಲ್ಲ, ನಿಜವಾಗ್ಲೂ ಯೋಚನೆ ಮಾಡಿದಳು.

"ಅಳ್ಕೊಂಡು ಉಣ್ಣು," ಅಂದಳು. "ನಾನು ಉಣ್ಣಲ್ವಾ?"

ನಾನು ಅಳೋ ಪೈಕಿ ಅಲ್ಲ. ಯಜಮಾನರು ಹೋದಾಗಲೂ ಅಕ್ಕಿ ಎಷ್ಟು ಸೇರು ಬೇಕು ಅಂತ ಲೆಕ್ಕ ಹೇಳಿದವಳು. ಅವತ್ತೂ ಅಳಲಿಲ್ಲ. ಪಟ್ಟಿ ಬಿಚ್ಚು ಅಂದೆ, ಬಿಚ್ಚಿದಳು. ಅದನ್ನ ಒಲೆಗೆ ಹಾಕಿದೆ. ತಪ್ಪಾಯ್ತು ಅಂತ ಹೇಳಲಿಲ್ಲ. ನಾಲ್ಕು ವರ್ಷದ ಮಗುವಿಗೆ ಹಾಗೆ ಹೇಳೋದು ಹೇಗೆ ಅಂತ ಗೊತ್ತಿಲ್ಲ, ನಮ್ಮ ಮನೆಯಲ್ಲಿ ದೊಡ್ಡೋರು ಚಿಕ್ಕೋರಿಗೆ ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಅವತ್ತಿಂದ ಎಡಗೈಗೆ ಬಿಡುಗಡೆ ಕೊಟ್ಟೆ. ಕೊಟ್ಟೆ ಅನ್ನೋದಕ್ಕಿಂತ, ಅದು ತಗೊಳ್ತು. ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿ ಇಟ್ಟೆ, ಗೆರೆ ಸರಾಗವಾಗಿ ಓಡಿತು. ಅವರೆ ಇನ್ನೂ ಮುಗಿದಿರಲಿಲ್ಲ, ಹಿತುಕೋಕೆ ಕೂತೆ. ಈ ಸಲ ಮೊರ ಇಟ್ಟುಕೊಂಡೆ. ಕೆಲಸ ಮಾಡ್ತಾ ಮಾಡ್ತಾ ಎಂಟು ವರ್ಷದ ಹುಡುಗಿಯೊಬ್ಬಳು ನೆನಪಾಗೋಕೆ ಶುರುವಾದಳು. ನೀವು ಅಂದ್ಕೊಂಡ ಹಾಗೆ ಮುಗ್ಧ ಮಗು, ಹೂವಿನಂಥ ಮಗು, ಅದೆಲ್ಲ ಅಲ್ಲ. ಕಳ್ಳಿ. ಬಲಗೈಯಲ್ಲಿ ತಿಮ್ಮಜ್ಜಿಗೆ ನೀರು ಕೊಡ್ತಾ ಎಡಗೈಯಲ್ಲಿ ಬೆಲ್ಲದ ಗಡಿಗೆಗೆ ಕೈ ಹಾಕೋಳು. ನೂರ್ಜಾನಿಗೆ ಐದು ಕಲ್ಲಾಟದಲ್ಲಿ ಮೋಸ ಮಾಡೋಳು. ಸೋತರೆ ಅವಳ ಜಡೆ ಎಳೆಯೋಳು. ಬಾಯಿ ಜೋರು. ಇವಳು ಇಷ್ಟು ವರ್ಷ ಎಲ್ಲಿದ್ದಳೋ, ಹಾಗೇ ಇದ್ದಾಳೆ, ಒಂದಿಷ್ಟೂ ಬುದ್ಧಿ ಕಲಿತಿಲ್ಲ. ನನಗೆ ಅವಳನ್ನ ಕಂಡು ಪ್ರೀತಿ ಉಕ್ಕಲಿಲ್ಲ. ಆದರೆ ಒಳ್ಳೆ ಜೊತೆ. ಮಧ್ಯಾಹ್ನ ಹೊತ್ತು ಹೋಗುತ್ತೆ.

ಇನ್ನೊಂದು ಪೂರ್ತಿ ಮರೆತೇಹೋಗಿತ್ತು. ರಾಟೆಯ ಚಕ್ರ ಬಲಗಡೆ ಇರುತ್ತೆ, ಬಲಗೈಯೋರಿಗೆ ಅಂತಲೇ ಮಾಡಿದ್ದು. ಅಕ್ಕಂದಿರು ಗೋಡೆಗೆ ಬೆನ್ನು ಕೊಟ್ಟು ಕೂತು ಸುತ್ತೋರು. ಮಧ್ಯಾಹ್ನ ತಿಮ್ಮಜ್ಜಿ ಮಲಗಿದಾಗ ನಾನು ರಾಟೆಯ ಆಚೆ ಬದಿಗೆ ಹೋಗಿ ಗೋಡೆಗೆ ಮುಖ ಕೊಟ್ಟು ಕೂರ್ತಿದ್ದೆ. ಹಾಗೆ ಕೂತರೆ ಚಕ್ರ ಎಡಗೈಗೆ ಬರುತ್ತೆ. ಅಪ್ಪ ಮಗ್ಗದ ಗುಂಡಿಯಿಂದ ನೋಡ್ತಿದ್ದ, ಏನೂ ಅಂತಿರಲಿಲ್ಲ. ಒಂದು ದಿನ ಮಾತ್ರ ಲಾಳಿ ನಿಲ್ಲಿಸಿ ಅಂದ, "ಗೌರಿ, ನೀನು ಸುತ್ತಿದ್ದೇ ಗಟ್ಟಿ ಕಣವ್ವ. ಒಂದ್ಸಲಾನೂ ನೂಲು ಜಾರಿಲ್ಲ. ಅಜ್ಜಿ ಕೆಮ್ಮಿದ ಸದ್ದು ಕೇಳಿದ್ರೆ ಈ ಕಡೆ ಬಂದ್ಬಿಡು."

ಅಷ್ಟು ಹೇಳಿದ. ತಾಯಿಗೆ ಎದುರು ನಿಂತು ಬಿಡು ಅಂತ ಹೇಳಲಿಲ್ಲ, ಹೇಳೋ ಕಾಲವೂ ಅಲ್ಲ. ತಿಮ್ಮಜ್ಜಿ ಕೆಮ್ಮಿದಾಗೆಲ್ಲ ನಾನು ಈ ಕಡೆ ಬಂದೆ. ಆಮೇಲೆ ಅವಳು ಸತ್ತಳು, ಕೆಮ್ಮೋಕೆ ಯಾರೂ ಇರಲಿಲ್ಲ, ನಾನು ಈ ಕಡೆಯೇ ಉಳಿದುಬಿಟ್ಟಿದ್ದೆ.

ಪುಟ್ಟಿಗೆ ಐದು ಕಲ್ಲಾಟ ಹೇಳಿಕೊಟ್ಟೆ. ನಾವಿಬ್ಬರೂ ಎಡಗೈಯಲ್ಲೇ ಆಡಿದೆವು. ನಾನು ಮೋಸ ಮಾಡಿದೆ, ಅವಳು ಕಂಡುಹಿಡಿದಳು. ಸರಿ, ಇವಳ ಕೈ ಬಚಾವಾಯ್ತು ಅಂತ ನಾನು ನೆಮ್ಮದಿಯಾಗಿದ್ದೆ.

ಸಂಕ್ರಾಂತಿ ಕಳೆದ ವಾರ ಅಕ್ಷರಾಭ್ಯಾಸ. ನನ್ನ ಪ್ಲಾಸ್ಟರ್ ಬಿಚ್ಚೋಕೆ ಇನ್ನೂ ದಿನ ಇತ್ತು. ನೆಲಮಂಗಲದಿಂದ ನಮ್ಮ ಬೀಗಿತ್ತಿ, ಶೋಭಾಳ ತಾಯಿ ಜಯಮ್ಮ, ಮಗುವಿಗೆ ಹೊಸ ಲಂಗ ತಗೊಂಡು ಬಂದರು. ಮಣೆ ಹಾಕಿದರು, ತಟ್ಟೆಯಲ್ಲಿ ಅಕ್ಕಿ ಹರಡಿದರು. ನಾನು ಕೂತೆ, ಪುಟ್ಟಿ ನನ್ನ ತೊಡೆ ಮೇಲೆ ಕೂತಳು.

"ನಿಮ್ಮ ಕೈ ಹಿಂಗಿದೆಯಲ್ಲ ಗೌರಮ್ಮನೋರೇ, ನಾನು ಹಿಡಿದು ಬರೆಸ್ಲಾ?" ಅಂತ ಜಯಮ್ಮ ಮಗುವಿನ ಬಲಗೈಗೆ ಕೈ ಹಾಕಿದರು.

"ಬೇಡಿ. ಅವಳು ಎಡಗೈಲಿ ಬರೀತಾಳೆ. ನಾನೇ ಹಿಡಿದು ಬರೆಸ್ತೀನಿ."

ಶೋಭಾ ಕರ್ಪೂರದ ಡಬ್ಬಿ ಹಿಡಿದುಕೊಂಡವಳು ಹಾಗೇ ನಿಂತಳು. ಜಯಮ್ಮ ನನ್ನನ್ನ, ಮಗಳನ್ನ, ಮತ್ತೆ ನನ್ನನ್ನ ನೋಡಿದರು. "ಏನಂದ್ರಿ? ಸರಸ್ವತಿ ಮುಂದೆ ಎಡಗೈಯಾ?"

"ಸರಸ್ವತಿ ಎಡಗೈ ಬಿಟ್ಟು ವೀಣೆ ನುಡಿಸ್ತಾಳಾ ಜಯಮ್ಮನೋರೇ? ಫೋಟೋ ಅಲ್ಲೇ ಇದೆ, ನೋಡಿ."

ಅವರು ನೋಡಿದರು. ನೋಡಿ ಸೆರಗು ಸರಿ ಮಾಡಿಕೊಂಡರು. ಇನ್ನೇನು, ನಾನು ಪುಟ್ಟಿ ಕಿವಿಯಲ್ಲಿ ಎಡಗೈ ಕೊಡಮ್ಮ ಅಂದೆ.

ಅವಳು ಕೊಡಲಿಲ್ಲ. ಎಡಗೈಯನ್ನ ಹೊಸ ಲಂಗದ ಕೆಳಗೆ ಬಚ್ಚಿಟ್ಟುಕೊಂಡು ಬಲಗೈ ಚಾಚಿದಳು. ಹೇಳಿಕೊಟ್ಟ ಪಾಠ ಒಪ್ಪಿಸೋ ಹಾಗೆ, ಬೆರಳು ನೆಟ್ಟಗೆ ಮಾಡಿಕೊಂಡು.

"ಎಡಗೈ ಕೊಡು ಪುಟ್ಟಿ. ಏನೂ ಆಗಲ್ಲ."

"ಬೇಡ. ಅಜ್ಜಿ ಬಯ್ತಾರೆ."

"ಯಾವ ಅಜ್ಜಿ? ಈ ಅಜ್ಜೀನಾ?" ಅಂತ ಜಯಮ್ಮನ ಕಡೆ ತೋರಿಸಿದೆ.

"ಅಲ್ಲ," ಅಂದಳು. "ನೀನು."

ಎರಡು ತಿಂಗಳು ಕಟ್ಟಿದ್ದೆ. ಹಿತ್ತಲಲ್ಲಿ ಆಟಕ್ಕೆ ಒಂದು ಕೈ, ನಾಲ್ಕು ಜನರ ಮುಂದೆ ಇನ್ನೊಂದು ಕೈ, ಅಷ್ಟನ್ನ ಅವಳು ಚೆನ್ನಾಗಿ ಕಲಿತುಬಿಟ್ಟಿದ್ದಳು. ನಾನು ಕಲಿತಿದ್ದೂ ಅಷ್ಟೇ ವಯಸ್ಸಿನಲ್ಲಿ.

ಬೆರಳು ಹಿಡಿದು ಎಳೆಯಬಹುದಿತ್ತು. ಎಳೆದರೆ ಅದೂ ಕಟ್ಟಿದ ಹಾಗೇ. ಅದಕ್ಕೆ ನನ್ನ ಎಡಗೈಯನ್ನೇ ಅಕ್ಕಿ ಮೇಲಿಟ್ಟೆ. ಎಲ್ಲರ ಎದುರಿಗೇ, ಬೀಗಿತ್ತಿ ನೋಡ್ತಿರುವಾಗಲೇ. ಅ ಬರೆಯೋಕೆ ಹೋದೆ. ರಂಗೋಲಿ ಬೇರೆ, ಅಕ್ಷರ ಬೇರೆ. ಎಡಗೈಯಲ್ಲಿ ನಾನು ಅಕ್ಷರ ಬರೆದಿದ್ದು ಮೇಷ್ಟ್ರು ಬಳಪ ಕಿತ್ತುಕೊಳ್ಳೋಕೆ ಮುಂಚೆ. ಸುತ್ತು ಎಲ್ಲೋ ಶುರುವಾಗಿ ಎಲ್ಲೋ ಹೋಯ್ತು, ಬಾಲ ತಟ್ಟೆ ಅಂಚಿಗೆ ತಾಕಿತು.

"ಇದೇನು ಅಕ್ಷರಾನಾ, ಜಿಲೇಬೀನಾ?" ಅಂದರು ಜಯಮ್ಮ.

ಪುಟ್ಟಿ ಬಗ್ಗಿ ನೋಡಿದಳು. ಕತ್ತು ವಾರೆ ಮಾಡಿ ನೋಡಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು. "ಅಜ್ಜಿಗೆ ಬರಲ್ಲ! ಅಮ್ಮಾ, ಅಜ್ಜಿಗೆ ಬರಲ್ಲ!"

"ಹೂಂ, ಬರಲ್ಲ," ಅಂದೆ. "ನಾನು ಕಲೀಲೇ ಇಲ್ಲ. ನಿಂಗೆ ಬಂದ್ರೆ ತೋರ್ಸು."

ಲಂಗದ ಕೆಳಗಿಂದ ಎಡಗೈ ಆಚೆ ಬಂತು. ಮೊದಲು ನನ್ನ ಅಕ್ಷರವನ್ನ ಅಂಗೈಯಿಂದ ಒರೆಸಿ ಹಾಕಿದಳು. ನಾನು ಬೆರಳು ಹಿಡಿಯೋಕೆ ಹೋದೆ, ನನ್ನ ಕೈ ತಳ್ಳಿದಳು. ಒಂದು ದೊಡ್ಡ ಸುತ್ತು ಬರೆದು, ಅದರ ತಲೆ ಮೇಲೆ ಎರಡು ಮೂಲೆ ಇಟ್ಟು, ಆ ಕಡೆ ಮೂರು ಈ ಕಡೆ ಮೂರು ಗೆರೆ ಎಳೆದಳು. ಒಂದು ಗೆರೆಯೂ ನಡುಗಲಿಲ್ಲ.

"ಬೆಕ್ಕು," ಅಂದಳು.

"ಅಯ್ಯೋ ರಾಮ, ಅಕ್ಷರಾಭ್ಯಾಸಕ್ಕೆ ಬೆಕ್ಕು ಬರೆಸಿದ್ರಲ್ಲಾ!" ಅಂತ ಜಯಮ್ಮ ಹಣೆ ಚಚ್ಚಿಕೊಂಡರು.

"ಶೋಭಾ," ಅಂದೆ, "ಆರತಿ ತಾ."